ಮೂರು ಗೇಣು ಎತ್ತರ, ಆನೆಯಷ್ಟು ಬಲ: ಸುರಪುರ ಸೀಮೆಯ ಮೋರ್ಯರ ಮನೆಗಳಲ್ಲಿ ಇದ್ದವರು ಯಾರು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಮಕ್ಕಳ ಪುಸ್ತಕಗಳಲ್ಲಿ ಒಂದು ಬಗೆಯ ಕತೆ ಇದೆ, ನೀವೂ ಓದಿರ್ತೀರಿ. ಒಂದು ಕುಟುಂಬ. ಅಪ್ಪ, ಅಮ್ಮ, ಅಜ್ಜಿ, ಇಬ್ಬರು ಮಕ್ಕಳು. ಎಲ್ಲರಿಗೂ ಏನೋ ಒಂದು ಮಾಯಾಶಕ್ತಿ. ಅವರಿಗೆ ಬೇಕಾಗಿರೋದು ಮಾತ್ರ ಒಂದೇ: ಪಕ್ಕದ ಮನೆಯವರ ಹಾಗೆ ಸುಮ್ಮನೆ ಬದುಕಬೇಕು, ಯಾರಿಗೂ ಗೊತ್ತಾಗಬಾರದು. ಅದು ಆಗೋದಿಲ್ಲ. ಅಜ್ಜಿಗೆ ನಿದ್ದೆ ಬಂದರೆ ಹಾಸಿಗೆ ಸಮೇತ ಮೇಲೆ ತೇಲ್ತಾಳೆ. ಶಾಲೆಯಲ್ಲಿ ಹುಡುಗ ಸೀನಿದರೆ ಮೇಷ್ಟ್ರ ಮೀಸೆ ಹಸಿರಾಗುತ್ತೆ. ನಾವು ನಗ್ತೀವಿ. ನಗ್ತಾ ನಗ್ತಾ ಎಲ್ಲೋ ಒಂದು ಕಡೆ, 'ಅಯ್ಯೋ, ನಮ್ಮ ಮನೆಯೂ ಹೀಗೇ ಅಲ್ವಾ' ಅನ್ನಿಸುತ್ತೆ.

ಇಂಥ ಕುಟುಂಬಗಳು ಲೋಕದ ತುಂಬಾ ಇವೆ. ನೆಟ್‌ಫ್ಲಿಕ್ಸ್‌ನ 'ವೆನ್ಸ್‌ಡೇ' ನೋಡಿದ್ದೀರಲ್ಲ, ಆ ಆಡಮ್ಸ್ ಕುಟುಂಬವನ್ನ ಅಮೆರಿಕದ ವ್ಯಂಗ್ಯಚಿತ್ರಕಾರ ಚಾರ್ಲ್ಸ್ ಆಡಮ್ಸ್ 1938ರಲ್ಲೇ ಬರೆಯೋಕೆ ಶುರು ಮಾಡಿದ್ದರು. ಇಂಗ್ಲೆಂಡಿನ ಮೇರಿ ನಾರ್ಟನ್ 1952ರಲ್ಲಿ 'ದಿ ಬಾರೋಯರ್ಸ್' ಅಂತ ಒಂದು ಪುಸ್ತಕ ಬರೆದರು. ಅದರಲ್ಲಿ ಬೆರಳುದ್ದದ ಮನುಷ್ಯರ ಸಂಸಾರವೊಂದು ದೊಡ್ಡವರ ಮನೆಯ ನೆಲಹಲಗೆ ಕೆಳಗೆ ಕದ್ದು ವಾಸ ಮಾಡುತ್ತೆ.

ಈಗ ವಿಷಯಕ್ಕೆ ಬರೋಣ. ಅಂಥದ್ದೊಂದು ಕುಟುಂಬ ನಮ್ಮ ಯಾದಗಿರಿ ಜಿಲ್ಲೆಯಲ್ಲೂ ಇದೆ. ಅವರ ಮನೆಗಳು ಇವತ್ತಿಗೂ ನಿಂತಿವೆ. ಹೋಗಿ ಮುಟ್ಟಿ ನೋಡಬಹುದು.

ದಾರಿ ಹೀಗಿದೆ

ಯಾದಗಿರಿ ಸ್ಟೇಷನ್ನಲ್ಲಿ ಇಳೀರಿ. ಊರು ದಾಟಿದ ಕೂಡಲೇ ಭೀಮಾ ನದಿ ಸೇತುವೆ. ಅದನ್ನ ದಾಟಿ ಶಹಾಪುರ. ಅಲ್ಲಿ ಬೆಟ್ಟದ ಸಾಲು ನೋಡಿದರೆ ಬುದ್ಧ ಅಂಗಾತ ಮಲಗಿದ ಹಾಗೆ ಕಾಣುತ್ತೆ: ಹಣೆ, ಮೂಗು, ಎದೆ. ಸೆಲ್ಫಿ ತಗೊಂಡು ಮುಂದೆ ಹೊರಡಿ. ಸುರಪುರ ಬರುತ್ತೆ, ಬೇಡರ ನಾಯಕರು ಆಳಿದ ಊರು. ಅಲ್ಲಿಂದ ಹುಣಸಗಿ, ಅದರಾಚೆ ಕೊಡೇಕಲ್ ಸೀಮೆ. ಕೆಳಗಡೆ ಕೃಷ್ಣಾ. ಎರಡು ನದಿ ನಡುವಿನ ಈ ನೆಲಕ್ಕೆ ಸಗರನಾಡು ಅಂತ ಹೆಸರು.

ಇಲ್ಲೇ ರಾಜನಕೋಳೂರು ಅಂತ ಒಂದು ಊರು. ಮೊದಲು ಸುರಪುರ ತಾಲ್ಲೂಕಿಗೆ ಸೇರಿತ್ತು, ಈಗ ಹುಣಸಗಿ ತಾಲ್ಲೂಕು. ಊರ ಹೊರಗೆ ಬಂಡೆ ಚಪ್ಪಡಿಗಳಿಂದ ಕಟ್ಟಿದ ಕೋಣೆಗಳಿವೆ. ಸುತ್ತ ಚಪ್ಪಡಿ ನಿಲ್ಲಿಸಿದ್ದಾರೆ, ಮೇಲೆ ಒಂದು ದೊಡ್ಡ ಚಪ್ಪಡಿ ಮುಚ್ಚಿದ್ದಾರೆ. ಗಾರೆ ಇಲ್ಲ, ಸುಣ್ಣ ಇಲ್ಲ. ಕೆಲವು ಕೋಣೆಗಳಲ್ಲಿ ಒಂದು ಬದಿಯ ಚಪ್ಪಡಿಯಲ್ಲಿ ದುಂಡಗೆ ಕೊರೆದ ತೂತು.

ಒಂದು ದೃಶ್ಯ ಕಲ್ಪಿಸಿಕೊಳ್ಳಿ. ಮುತ್ಯಾ ಎಮ್ಮೆ ಬಿಟ್ಟುಕೊಂಡು ಬಂದಿದ್ದಾನೆ, ಜೊತೆಗೆ ಮೊಮ್ಮಗ.

"ಮುತ್ಯಾ, ಈ ಮನಿಗಿ ಬಾಗ್ಲಾನೇ ಇಲ್ಲಲ್ಲ?"

"ಅದ ಅಲ್ಲೋ ತಮ್ಮಾ, ಆ ದುಂಡನ ತೂತು ನೋಡು. ಅದೇ ಬಾಗ್ಲಾ."

"ಅದರಾಗ ನನ್ನ ತಲಿ ಸುದ್ದಾ ಹೋಗಂಗಿಲ್ಲ."

"ನಿನ್ನ ತಲಿ ಯಾಕ ಹೋಗಬೇಕು? ಇದು ಮೋರ್ಯಾರ ಮನಿ. ಅವ್ರು ಮೂರು ಗೇಣು ಇದ್ರು."

"ಮೂರು ಗೇಣಿನವ್ರು ಇಷ್ಟು ದೊಡ್ಡ ಕಲ್ಲು ಹೆಂಗ ಎತ್ತಿದ್ರು?"

"ಅದಕ್ಕೇ ಅವ್ರು ಮೋರ್ಯಾರು, ನೀ ಹುಡುಗ. ನಡಿ, ಎಮ್ಮಿ ಹೊಲದಾಗ ಹೊಕ್ಕದ ನೋಡು."

ಈ ಸಂಭಾಷಣೆ ನನ್ನ ಕಲ್ಪನೆ. ಆದರೆ ಅದರೊಳಗಿನ ಕತೆ ನನ್ನದಲ್ಲ, ಈ ಸೀಮೆಯದು. 170 ವರ್ಷಕ್ಕೂ ಹಿಂದೆ ಇಲ್ಲಿದ್ದ ಒಬ್ಬ ಇಂಗ್ಲಿಷ್ ಅಧಿಕಾರಿ ಇದನ್ನೇ ಬರೆದಿಟ್ಟಿದ್ದಾನೆ: ಈ ಕಲ್ಲುಗೂಡುಗಳಿಗೆ ಜನ ಮೋರ್ಯರ ಮನೆ ಅಂತಾರೆ, ಮೋರ್ಯರು ಬಹಳ ಗಿಡ್ಡ, ಆದರೆ ರಾಕ್ಷಸರಂಥ ಬಲ ಇದ್ದವರು ಅಂತ ನಂಬ್ತಾರೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್‌ಗೆ ಹೋದರೂ ಇದೇ ಕತೆ. ಅಲ್ಲಿನ ಗುಡ್ಡಕ್ಕೆ ಹೆಸರೇ ಮೋರೇರ ಗುಡ್ಡ.

ಮೋರ್ಯರ ಆಧಾರ್ ಕಾರ್ಡ್

ಮೂರು ಗೇಣು ಅಂದ್ರೆ ಸುಮಾರು ಎರಡು ಕಾಲು ಅಡಿ. ಈ ಲೆಕ್ಕದಲ್ಲಿ ಒಂದು ಮೋರ್ಯರ ಸಂಸಾರ ಇವತ್ತು ಸುರಪುರಕ್ಕೆ ಬಂದು ಬಾಡಿಗೆ ಮನೆ ಹಿಡಿದರೆ ಏನಾಗಬಹುದು?

ಬಸ್ಸಲ್ಲಿ ಮೋರ್ಯ ಅಜ್ಜನಿಗೆ ಕಂಡಕ್ಟರ್ ಹಾಫ್ ಟಿಕೆಟ್ ಹರೀತಾನೆ. ಅಜ್ಜನಿಗೆ ಮೂರು ಸಾವಿರ ವರ್ಷ, ಅವಮಾನ ಆಗುತ್ತೆ. 'ಫುಲ್ ಕೊಡ್ರೀ' ಅಂತ ಸಿಟ್ಟಲ್ಲಿ ಸೀಟಿನ ಕಂಬಿ ಹಿಡಿದರೆ ಕಂಬಿ ಕೈಗೇ ಬರುತ್ತೆ. ಮೋರ್ಯ ಅವ್ವ ನಲ್ಲಿ ತಿರುಗಿಸಿದರೆ ನಲ್ಲಿ ಜೊತೆ ಗೋಡೆಯೂ ಬರುತ್ತೆ. ಮನೆ ಮಾಲೀಕರಿಗೆ ತಲೆಬಿಸಿ. ಹುಡುಗನನ್ನ ಜಾತ್ರೆಗೆ ಕರ್ಕೊಂಡು ಹೋಗ್ತಾರೆ. ಅಲ್ಲಿ ಪೈಲ್ವಾನರು ಸಂಗ್ರಾಣಿ ಕಲ್ಲು ಎತ್ತೋಕೆ ತೊಡೆ ತಟ್ಕೊಂಡು, ಮಣ್ಣು ಉಜ್ಜಿಕೊಂಡು ಒದ್ದಾಡ್ತಿರೋವಾಗ ನಮ್ಮ ಹುಡುಗ ಅದರ ಕೆಳಗೆ ಬಿದ್ದ ಚೆಂಡು ತಗೊಳ್ಳೋಕೆ ಅಂತ ಒಂದೇ ಕೈಯಲ್ಲಿ ಕಲ್ಲು ಪಕ್ಕಕ್ಕಿಡ್ತಾನೆ. ಅವ್ವ ಕಿವಿ ಹಿಂಡಿ, 'ಎಷ್ಟು ಸಲ ಹೇಳೀನಿ, ಮಂದಿ ಮುಂದ ಕಲ್ಲು ಮುಟ್ಟಬ್ಯಾಡಂತ' ಅಂತಾಳೆ.

ನಗು ಬಂತಾ? ಹಾಗಾದ್ರೆ ಮಕ್ಕಳ ಕಾದಂಬರಿಯ ಮೊದಲ ಅಧ್ಯಾಯ ಸಿಕ್ಕಿತು ಅಂತ ಅರ್ಥ. ಈಗ ಇತಿಹಾಸಕ್ಕೆ ಬರೋಣ.

ಇದನ್ನ ಸುಮ್ಮನೆ ಮೂಢನಂಬಿಕೆ ಅಂತ ತಳ್ಳಿಹಾಕಬೇಡಿ. ಈ ಕತೆ ಕಟ್ಟಿದವರ ಮುಂದೆ ಎರಡು ಸಾಕ್ಷಿ ಇದ್ದವು. ಒಂದು, ಕೋಣೆ ಸಣ್ಣದು, ತೂತು ಇನ್ನೂ ಸಣ್ಣದು. ಅಂದ್ರೆ ಒಳಗಿದ್ದವರು ಗಿಡ್ಡ ಇರಬೇಕು. ಎರಡು, ಚಪ್ಪಡಿ ಭಾರೀ ದೊಡ್ಡದು. ಅಂದ್ರೆ ಎತ್ತಿದವರಿಗೆ ಭಾರೀ ಬಲ ಇರಬೇಕು. ಎರಡನ್ನೂ ಕೂಡಿಸಿದರೆ ಬರೋ ಉತ್ತರ: ಗಿಡ್ಡಗಿದ್ದ ಬಲಶಾಲಿಗಳು. ಪತ್ತೇದಾರನ ತರ್ಕವೇ ಇದು. ಒಂದೇ ಒಂದು ಕಡೆ ತಪ್ಪಿದ್ದಾರೆ, ಎಲ್ಲಿ ಅಂತ ಆಮೇಲೆ ಹೇಳ್ತೀನಿ.

ಸಾಹೇಬನ ಮಾಯಾ ಕುಟುಂಬ

ಆ ಅಧಿಕಾರಿಯ ಹೆಸರು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದ. ಹದಿನೈದರ ವಯಸ್ಸಿಗೆ ಹಡಗು ಹತ್ತಿ ಮುಂಬೈಗೆ ಬಂದ. ಆಮೇಲೆ ಹೈದರಾಬಾದ್ ನಿಜಾಮರ ಸೇನೆ ಸೇರಿದ. 1839ರಲ್ಲಿ ಠಕ್ಕರ ಬಗ್ಗೆ 'ಕನ್ಫೆಷನ್ಸ್ ಆಫ್ ಎ ಥಗ್' ಅಂತ ಕಾದಂಬರಿ ಬರೆದು ಲಂಡನ್ನಲ್ಲಿ ಹೆಸರು ಮಾಡಿದ. 1841ರಲ್ಲಿ ಅವನನ್ನ ಸುರಪುರಕ್ಕೆ ಕಳಿಸಿದರು. ಆಗ ರಾಜ ವೆಂಕಟಪ್ಪ ನಾಯಕ ಇನ್ನೂ ಪುಟ್ಟ ಹುಡುಗ, ಆಡಳಿತ ನೋಡಿಕೊಳ್ಳೋಕೆ ಒಬ್ಬರು ಬೇಕಿತ್ತು. 1853ರವರೆಗೆ ಟೇಲರ್ ಅಲ್ಲೇ ಇದ್ದ. ಆ ಹುಡುಗ ಅವನನ್ನ 'ಅಪ್ಪಾ' ಅಂತ ಕರೀತಿದ್ದ. ಗುಡ್ಡದ ಮೇಲೆ ಅವನು ಕಟ್ಟಿಸಿದ ಬಂಗಲೆ, ಟೇಲರ್ ಮಂಜಿಲ್, ಇವತ್ತಿಗೂ ಇದೆ. ಆ ರಾಜನ ಮುಂದಿನ ಕತೆ, 1858ರ ಬಂಡಾಯ, ಅವನ ಸಾವು, ಅದು ಬೇರೆಯೇ ಸಂಚಿಕೆ. ಅದರಲ್ಲಿ ನಗೋಕೆ ಏನೂ ಇಲ್ಲ.

ಇಲ್ಲಿ ನಮಗೆ ಬೇಕಾಗಿರೋದು ಕಲ್ಲಿನ ಟೇಲರ್. ಅವನು ಕುದುರೆ ಹತ್ತಿ ಸುರಪುರ ಸೀಮೆ ಸುತ್ತಿದ. ರಾಜನಕೋಳೂರು, ಹಗರಟಗಿ, ಶಹಾಪುರದ ಪಕ್ಕದ ವಿಭೂತಿಹಳ್ಳಿ, ಆಚೆ ಜೇವರ್ಗಿ. ಅಳತೆ ತಗೊಂಡ, ಚಿತ್ರ ಬರೆದ, ಕೆಲವು ಕಡೆ ಅಗೆಸಿದ. ಜೇವರ್ಗಿಯ ಕಲ್ಲುಗುಪ್ಪೆಗಳ ಕೆಳಗೆ ಅಸ್ಥಿಪಂಜರಗಳು ಸಿಕ್ಕವು. ಇದೆಲ್ಲ 1850ರ ದಶಕದ ಆರಂಭದಲ್ಲಿ ಮುಂಬೈನ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯ್ತು. ಭಾರತದ ಬೃಹತ್ ಶಿಲಾ ಸಮಾಧಿಗಳ ಬಗ್ಗೆ ಅಷ್ಟು ಶ್ರದ್ಧೆಯಿಂದ ಮೊದಮೊದಲಿಗೆ ಕೆಲಸ ಮಾಡಿದವರಲ್ಲಿ ಅವನೂ ಒಬ್ಬ. ಆ ಮಟ್ಟಿಗೆ ನಾವು ಅವನಿಗೆ ಋಣಿ.

ಆದರೆ ಇವನ್ನ ಕಟ್ಟಿದ್ದು ಯಾರು ಅಂತ ಕೇಳಿದರೆ ಟೇಲರ್ ಏನಂದ ಗೊತ್ತಾ? ಮೋರ್ಯರ ಕತೆಗೆ ನಕ್ಕ. ಆಮೇಲೆ, ಇವು ಸಿಥಿಯನ್ನರದ್ದು, ಸೆಲ್ಟರದ್ದು, ಡ್ರೂಯಿಡ್ಡರದ್ದು ಇರಬೇಕು ಅಂದ. ಅವನ ಲೇಖನಗಳ ತಲೆಬರಹದಲ್ಲೇ ಆ ಹೆಸರುಗಳಿವೆ. ಡ್ರೂಯಿಡ್ ಅಂದ್ರೆ ಯಾರು? ಹಳೇ ಬ್ರಿಟನ್, ಐರ್ಲೆಂಡ್ ಕಡೆಯ ಪುರೋಹಿತರು. ಬಿಳಿ ಗಡ್ಡ, ನಿಲುವಂಗಿ, ಓಕ್ ಮರದ ಕೆಳಗೆ ಮಂತ್ರ. 'ಆಸ್ಟರಿಕ್ಸ್' ಕಾಮಿಕ್ಸ್ ಓದಿದವರಿಗೆ ಮದ್ದು ಕುದಿಸೋ ಮುದುಕ ನೆನಪಿರಬಹುದು, ಅವನು ಡ್ರೂಯಿಡ್.

ಅಂದ್ರೆ ಏನಾಯ್ತು ನೋಡಿ. ಊರಿನ ಮುತ್ಯಾ ಒಂದು ಮಾಯಾ ಕುಟುಂಬ ತಂದು ಆ ಮನೆಗಳಲ್ಲಿ ಕೂರಿಸಿದ. ಸಾಹೇಬ ಆ ಕುಟುಂಬವನ್ನ ಖಾಲಿ ಮಾಡಿಸಿ ತನ್ನ ಊರಿನ ಮಾಯಾ ಕುಟುಂಬವನ್ನ ಬಾಡಿಗೆಗೆ ಇಟ್ಟ. ಊರಲ್ಲಿ ತಾನು ನೋಡಿದ ಕಲ್ಲುಗಳ ಹಾಗೇ ಇವು ಕಂಡವು, ಆದ್ದರಿಂದ ಇವನ್ನ ಕಟ್ಟಿದವರೂ ಅಲ್ಲಿಂದಲೇ ಬಂದಿರಬೇಕು ಅನ್ನೋದು ಅವನ ಲೆಕ್ಕ. ಆ ಕಾಲದಲ್ಲಿ ಅವನಂತೆಯೇ ಯೋಚಿಸಿದ ಯುರೋಪಿನ ಪಂಡಿತರು ಬಹಳ ಜನ ಇದ್ದರು.

ಮುತ್ಯಾ, ಸಾಹೇಬ ಇಬ್ಬರೂ ಒಂದು ವಿಷಯದಲ್ಲಿ ಒಪ್ಪಿದ್ದರು. ಕಟ್ಟಿದವರು ನಮ್ಮಂಥವರಲ್ಲ, ಬೇರೆ ಯಾರೋ, ಎಲ್ಲಿಂದಲೋ ಬಂದವರು ಅಂತ.

ಲೋಕದ ತುಂಬಾ ಇದೇ ಕತೆ

ಇದು ನಮ್ಮ ಊರಿನ ಚಾಳಿ ಮಾತ್ರ ಅಲ್ಲ. ನೆದರ್ಲೆಂಡ್ಸ್‌ನಲ್ಲಿ ಇಂಥ ಕಲ್ಲು ಸಮಾಧಿಗಳಿಗೆ ಇರೋ ಹೆಸರೇ ದೈತ್ಯರ ಹಾಸಿಗೆ ಅನ್ನೋ ಅರ್ಥ ಕೊಡುತ್ತೆ. ಫ್ರಾನ್ಸಿನ ಬ್ರಿಟನಿಯಲ್ಲಿ ಒಂದನ್ನ 'ಯಕ್ಷಿಣಿಯರ ಬಂಡೆ' ಅಂತಾರೆ, ಯಕ್ಷಿಣಿಯರು ಕಲ್ಲನ್ನ ಹೊತ್ತು ತಂದರಂತೆ. ಅದೇ ಬ್ರಿಟನಿಯಲ್ಲಿ ಕೊರಿಗನ್ ಅನ್ನೋ ಕುಳ್ಳರು ಕಲ್ಲುಗೂಡಿನಲ್ಲಿ ಇರ್ತಾರೆ ಅನ್ನೋ ನಂಬಿಕೆ ಬೇರೆ. ಅವರು ನಮ್ಮ ಮೋರ್ಯರ ದೂರದ ಸಂಬಂಧಿಕರು ಅಂದುಕೊಳ್ಳಿ.

ನಮ್ಮ ನಾಡಲ್ಲೇ ಎಷ್ಟೋ ಕಡೆ ಇವನ್ನ ಪಾಂಡವರ ಲೆಕ್ಕಕ್ಕೆ ಬರೆದಿದ್ದಾರೆ. ವನವಾಸದಲ್ಲಿ ಪಾಂಡವರು ತಂಗಿದ್ದು ಇಲ್ಲೇ, ಭೀಮ ಕಲ್ಲು ಎತ್ತಿಟ್ಟಿದ್ದು ಹೀಗೇ ಅಂತ. ಹಂಪಿ ಹತ್ತಿರ ನಿಂಬಾಪುರದಲ್ಲಿ ಒಂದು ಬೂದಿ ದಿಬ್ಬ ಇದೆ. ಅದು ವಾಲಿಯನ್ನ ಸುಟ್ಟ ಜಾಗ ಅಂತ ಜನ ತೋರಿಸ್ತಾರೆ. ಸಗರನಾಡಿನ ಬೂದಿ ದಿಬ್ಬಕ್ಕೆ ಇನ್ನೊಂದು ಗಳಿಗೆಯಲ್ಲಿ ಬರ್ತೀನಿ.

ಮೋರ್ಯರ ಕೊನೆ ಹೇಗಾಯ್ತು ಅನ್ನೋದಕ್ಕೂ ಕತೆ ಇದೆ. ದಕ್ಷಿಣ ಭಾರತದ ಹಲವು ಕಡೆ ಹೇಳೋದು ಹೀಗೆ: ಒಂದು ದಿನ ಬೆಂಕಿ ಮಳೆ ಬರುತ್ತೆ ಅಂತ ಅವರಿಗೆ ಮೊದಲೇ ಗೊತ್ತಾಯ್ತು. ತಪ್ಪಿಸಿಕೊಳ್ಳೋಕೆ ಕಲ್ಲಿನ ಮನೆ ಕಟ್ಟಿಕೊಂಡರು. ಮಳೆ ಬಂತು. ಕಲ್ಲು ಕಾದು, ಒಳಗಿದ್ದವರೆಲ್ಲ ಸತ್ತರು. ಮನೆಗಳು ಮಾತ್ರ ಉಳಿದವು.

ಹಾಸ್ಯದ ಕತೆಯ ಕೊನೆಗೆ ಇಷ್ಟು ದುಃಖ ಯಾಕೆ? ಯಾಕೆಂದರೆ ಆ ಮನೆಗಳ ಒಳಗೆ ಮೂಳೆ ಇದೆ ಅನ್ನೋದು ಜನರಿಗೆ ಗೊತ್ತಿತ್ತು. ಕತೆ ಅದಕ್ಕೂ ಉತ್ತರ ಹುಡುಕಬೇಕಿತ್ತು.

ಮೋರ್ಯರು ಅಂದ್ರೆ ಮೌರ್ಯರಾ?

ಕೆಲವರು ಈಗಾಗಲೇ ಮನಸ್ಸಲ್ಲೇ ಕೇಳಿರ್ತೀರಿ. ಮೋರ್ಯ, ಮೌರ್ಯ, ಹೆಸರು ಒಂದೇ ಥರ ಇದೆಯಲ್ಲ? ಪಾಳಿ ಭಾಷೆಯಲ್ಲಿ ಮೌರ್ಯರಿಗೆ 'ಮೋರಿಯ' ಅಂತಲೇ ಹೆಸರು. ಹಾಗಾಗಿ ಈ ಹೆಸರು ಅಲ್ಲಿಂದಲೇ ಬಂದಿರಬಹುದು ಅನ್ನೋ ಊಹೆ ಹಳೆಯದು.

ಮೌರ್ಯರಿಗೂ ಈ ಭಾಗಕ್ಕೂ ನಂಟು ಇದ್ದದ್ದು ನಿಜ. ಕೃಷ್ಣೆಯ ಆಚೆ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕ ಶಾಸನದಲ್ಲಿ 'ಅಶೋಕ' ಅನ್ನೋ ಹೆಸರೇ ಇತ್ತು. ಅಲ್ಲಿಯವರೆಗೆ ಶಾಸನಗಳಲ್ಲಿ 'ದೇವಾನಾಂಪ್ರಿಯ' ಅಂತ ಬರ್ತಿದ್ದ ರಾಜ ಯಾರು ಅನ್ನೋದಕ್ಕೆ ಗಟ್ಟಿ ಸಾಕ್ಷಿ ಕೊಟ್ಟಿದ್ದು ಮಸ್ಕಿ. ಇತ್ತ ಭೀಮಾ ದಂಡೆಯ ಸನ್ನತಿಯಲ್ಲಿ ಗುಡಿಯೊಂದರ ವಿಗ್ರಹ ನಿಲ್ಲಿಸೋಕೆ ಬಳಸಿದ್ದ ಕಲ್ಲೇ ಅಶೋಕನ ಶಾಸನ ಅಂತ 1980ರ ದಶಕದಲ್ಲಿ ಗೊತ್ತಾಯ್ತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ 'ರಾಯೋ ಅಸೋಕೋ' ಅಂತ ಹೆಸರು ಕೆತ್ತಿದ ಶಿಲ್ಪವೂ ಸಿಕ್ಕಿತು.

ಆದರೆ ಕಾಲ ಹೊಂದೋದಿಲ್ಲ. ಅಶೋಕ ಕ್ರಿ.ಪೂ. 3ನೇ ಶತಮಾನದವನು. ದಕ್ಷಿಣ ಭಾರತದಲ್ಲಿ ಈ ಬಗೆಯ ಬೃಹತ್ ಶಿಲಾ ಸಮಾಧಿಗಳ ಪದ್ಧತಿ ಹೆಚ್ಚುಕಮ್ಮಿ ಕ್ರಿ.ಪೂ. 1200ರ ಸುಮಾರಿಗೇ ಶುರುವಾಗಿ ನೂರಾರು ವರ್ಷ ನಡೆದದ್ದು. ಅಶೋಕನ ತಾತ ಹುಟ್ಟೋದಕ್ಕೂ ಎಷ್ಟೋ ತಲೆಮಾರು ಮುಂಚೆ. ಬಹುಶಃ 'ಬಹಳ ಹಿಂದಿನವರು' ಅನ್ನೋ ಅರ್ಥದಲ್ಲಿ ಆ ಹೆಸರು ಅಂಟಿಕೊಂಡಿರಬೇಕು. ನಾವು ಹಳೇ ಸಾಮಾನು ಕಂಡರೆ 'ನಮ್ಮ ಮುತ್ತಾತನ ಕಾಲದ್ದು' ಅಂತೀವಲ್ಲ, ಹಾಗೆ.

ಕಲ್ಲು ಏನು ಹೇಳುತ್ತೆ

ಮುತ್ಯಾನ ತರ್ಕ ಒಂದೇ ಕಡೆ ತಪ್ಪಿತು ಅಂದೆ. ಆ ಕೋಣೆಗಳನ್ನ ಅವನು ಮನೆ ಅಂದುಕೊಂಡ. ಅವು ಮನೆಗಳಲ್ಲ, ಸಮಾಧಿಗಳು.

ಅಷ್ಟು ಗೊತ್ತಾದ ಕೂಡಲೇ ಒಗಟು ಬಿಡಿಸಿಕೊಳ್ಳುತ್ತೆ. ಬದುಕಿದ್ದವರು ಒಳಗೆ ಓಡಾಡಬೇಕಿಲ್ಲ, ಆದ್ದರಿಂದ ಕೋಣೆ ಸಣ್ಣದಿದ್ದರೂ ಸಾಕು. ತೂತು ಬಾಗಿಲಲ್ಲ. ಮೊದಲು ಸತ್ತವರ ಪಕ್ಕ ಆಮೇಲೆ ಮತ್ತೊಬ್ಬರ ಅಸ್ಥಿ ಇಡೋಕೆ, ಎಡೆ ಕೊಡೋಕೆ ಇದ್ದಿರಬಹುದು. ಇಂಥ ಸಮಾಧಿಗಳಲ್ಲಿ ಮೂಳೆ ಜೊತೆ ಸಿಗೋದು ಒಳಗೆ ಕಪ್ಪು, ಹೊರಗೆ ಕೆಂಪು ಇರೋ ಮಡಕೆ. ಎಷ್ಟೋ ಕಡೆ ಕಬ್ಬಿಣದ ಸಾಮಾನು. ಉತ್ತರ ಕರ್ನಾಟಕದ ಈ ಗೋರಿಗಳನ್ನ ಊರೂರು ಸುತ್ತಿ ಅಧ್ಯಯನ ಮಾಡಿದವರು ಪುರಾತತ್ವ ವಿದ್ವಾಂಸ ಅ. ಸುಂದರ. ಅವರ ಪುಸ್ತಕ 1975ರಲ್ಲಿ ಬಂತು, ಇವತ್ತಿಗೂ ಈ ವಿಷಯ ಓದುವವರು ಅಲ್ಲಿಂದಲೇ ಶುರು ಮಾಡ್ತಾರೆ.

ಹಾಗಾದ್ರೆ ಅಷ್ಟು ದೊಡ್ಡ ಕಲ್ಲು ಎತ್ತಿದ್ದು ಹೇಗೆ? ಇದಕ್ಕೆ ಯುಟ್ಯೂಬ್‌ನಲ್ಲಿ ಅನ್ಯಗ್ರಹದವರ ವಿಡಿಯೋ ನೋಡಬೇಕಾಗಿಲ್ಲ, ನಮ್ಮೂರ ಜಾತ್ರೆಗೆ ಹೋದರೆ ಸಾಕು. ಒಬ್ಬನೇ ಪೈಲ್ವಾನ ಸಂಗ್ರಾಣಿ ಕಲ್ಲು ಎತ್ತಿ ಹೆಗಲ ಮೇಲಿಂದ ಹಿಂದಕ್ಕೆ ಹಾಕ್ತಾನೆ. ಇನ್ನೊಂದು ಕಡೆ ಎತ್ತಿನ ಜೋಡಿಗೆ ಕಲ್ಲು ಕಟ್ಟಿ ಎಳೆಸೋ ಪಂದ್ಯ ನಡೀತಿರುತ್ತೆ. ಜನ ಸಿಳ್ಳೆ ಹೊಡೀತಾರೆ, ಎತ್ತು ಮೊಣಕಾಲೂರಿ ಎಳೆಯುತ್ತೆ, ಕಲ್ಲು ಜರುಗುತ್ತೆ. ಇದಕ್ಕೆ ಹಗ್ಗ, ಮರದ ಹಾರೆ, ಕೆಳಗೆ ಉರುಳೋ ದಿಮ್ಮಿ, ಮಣ್ಣಿನ ಇಳಿಜಾರು, ನೂರು ಜನರ ಒಗ್ಗಟ್ಟು ಸೇರಿಸಿ. ಮೋರ್ಯರ ಮಾಯೆ ಇಷ್ಟೇ.

ಇಷ್ಟೇ ಅಂದೆ, ಆದರೆ ಇದು ಸಣ್ಣ ವಿಷಯ ಅಲ್ಲ. ಒಬ್ಬರು ಸತ್ತರು ಅಂತ ನೂರು ಜನ ದಿನಗಟ್ಟಲೆ ಹೊಲ ಮನೆ ಬಿಟ್ಟು ಕಲ್ಲು ಎಳೀಬೇಕು. ಎಳೆದವರಿಗೆ ಊಟ ಹಾಕಬೇಕು. ಅಷ್ಟು ಧಾನ್ಯ ಇರಬೇಕು, ಅಷ್ಟು ಮಾತು ನಡೆಯೋ ಹಿರಿಯರು ಇರಬೇಕು. ಆ ಚಪ್ಪಡಿಯಲ್ಲಿ ನಮಗೆ ಕಾಣೋದು ಒಂದು ಊರು.

ಶಹಾಪುರದ ವಿಭೂತಿಹಳ್ಳಿಯಲ್ಲಿ ಇನ್ನೊಂದು ಬಗೆ. ಅಲ್ಲಿ ಕೋಣೆ ಇಲ್ಲ, ಬಯಲಿನಲ್ಲಿ ದೊಡ್ಡ ಗುಂಡುಕಲ್ಲುಗಳನ್ನ ಅಂತರ ಬಿಟ್ಟು ಸಾಲು ಸಾಲಾಗಿ ಇಟ್ಟಿದ್ದಾರೆ, ಚದುರಂಗದ ಹಲಗೆಯ ಮೇಲೆ ಕಾಯಿ ಇಟ್ಟ ಹಾಗೆ. ಕೊಡೇಕಲ್ ಭಾಗದ ಹಣಮಸಾಗರದಲ್ಲಿ (ಕೊಪ್ಪಳ ಜಿಲ್ಲೆಯ ಹನುಮಸಾಗರ ಅಲ್ಲ, ಇದು ಬೇರೆ) ಇಂಥ ಸುಮಾರು 2,500 ಕಲ್ಲುಗಳಿವೆ. ಇದು ಸಮಾಧಿಗೆ ಸಂಬಂಧಿಸಿದ್ದಾ, ಸೂರ್ಯನ ಚಲನೆ ನೋಡಿ ಕಾಲ ಲೆಕ್ಕ ಹಾಕೋಕಾ ಅಂತ ಪುರಾತತ್ವದವರೂ ಖಗೋಳದವರೂ ಇನ್ನೂ ಚರ್ಚೆ ಮಾಡ್ತಿದ್ದಾರೆ. ಅಂದ್ರೆ ಒಗಟಿನ ಅರ್ಧ ಭಾಗ ನಿಮ್ಮ ತಲೆಮಾರಿಗೆ ಬಾಕಿ ಇದೆ.

ಅವರು ಎಲ್ಲಿಂದ ಬಂದರು?

ಎಲ್ಲಿಂದಲೋ ಬಂದವರು ಅನ್ನೋ ಮಾತಿಗೆ ಈ ನೆಲವೇ ಉತ್ತರ ಕೊಡುತ್ತೆ. ಹುಣಸಗಿ ಪಕ್ಕದ ಇಸಾಂಪುರದಲ್ಲಿ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ ಅಗೆದಾಗ ಹಳೇ ಶಿಲಾಯುಗದವರು ಕಲ್ಲಿನ ಆಯುಧ ಮಾಡ್ತಿದ್ದ ಜಾಗ ಸಿಕ್ಕಿತು. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲಿನಿಂದ ಲೆಕ್ಕ ಹಾಕಿದ ಕಾಲ ಸುಮಾರು 12 ಲಕ್ಷ ವರ್ಷ. ಹೌದು, ಲಕ್ಷ. ಭಾರತದಲ್ಲೇ ಬಹಳ ಹಳೆಯ ನೆಲೆಗಳಲ್ಲಿ ಅದೂ ಒಂದು.

ಅದೇ ತಂಡ ಸುರಪುರ ಸೀಮೆಯ ಬೂದಿಹಾಳದಲ್ಲಿ ಬೂದಿ ದಿಬ್ಬ ಅಗೆಯಿತು. ನಿಂಬಾಪುರದಲ್ಲಿ ವಾಲಿಯ ಚಿತೆ ಅಂತಾರಲ್ಲ, ಆ ಥರದ್ದೇ ದಿಬ್ಬ. ಒಳಗೆ ಇದ್ದದ್ದು ಸುಟ್ಟ ಸಗಣಿ. ನಾಲ್ಕು ಸಾವಿರ ವರ್ಷದ ಹಿಂದೆ ದನಗಾಹಿಗಳು ದನ ಕಟ್ಟಿದ ದೊಡ್ಡಿ, ಪಕ್ಕದಲ್ಲೇ ಅವರ ವಾಸ. ರಾಕ್ಷಸರೂ ಇಲ್ಲ, ವಾನರರೂ ಇಲ್ಲ. ದನ, ಸಗಣಿ, ಒಲೆ, ಮಕ್ಕಳು.

ಅವರು ಏನು ಉಣ್ತಿದ್ದರು? ದಕ್ಷಿಣದ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟು ಕರಕಲಾಗಿ ಉಳಿದ ಕಾಳುಗಳು ಸಿಕ್ಕಿವೆ: ಹುರಳಿ, ಹೆಸರು, ಕೊರಲೆ. ನಮ್ಮ ಹೆಮ್ಮೆಯ ಜೋಳ ಆಮೇಲೆ ಆಫ್ರಿಕಾದಿಂದ ಬಂದದ್ದು. ಅಂದ್ರೆ ಹೊರಗಿಂದ ಬಂದು ಇಲ್ಲಿಯವರ ಜೊತೆ ಹೊಂದಿಕೊಂಡಿದ್ದು ರೊಟ್ಟಿ. ಹೆಸರುಕಾಳು ಪಲ್ಯ ಮೊದಲಿಂದಲೂ ಇಲ್ಲೇ ಇತ್ತು.

ಈ ದನಗಾಹಿಗಳು, ಕಾಳು ಬೆಳೆದವರು, ಆಮೇಲೆ ಕಬ್ಬಿಣ ಕಾಯಿಸೋದು ಕಲಿತವರು, ಅವರೇ ಈ ಕಲ್ಲು ನಿಲ್ಲಿಸಿದವರ ಹಿಂದುಮುಂದಿನವರು. ಒಂದು ಜನಾಂಗ ಒಂದೇ ದಿನ ಬೆಂಕಿ ಮಳೆಗೆ ಸುಟ್ಟುಹೋಗಿ, ಇನ್ನೊಂದು ಜನಾಂಗ ಖಾಲಿ ನೆಲಕ್ಕೆ ಬಂದು ಕೂತಿತು ಅನ್ನೋದಕ್ಕೆ ಯಾವ ಪುರಾವೆಯೂ ಇಲ್ಲ. ಜನ ಬಂದರು, ಹೋದರು, ಬೆರೆತರು. ಹೊಸ ದೇವರು, ಹೊಸ ರಾಜರು, ಹೊಸ ಪದ್ಧತಿ. ಯಾವತ್ತೋ ಒಂದು ದಿನ ಕಲ್ಲು ನಿಲ್ಲಿಸೋದು ಬಿಟ್ಟರು. ಕೆಲವು ತಲೆಮಾರು ಕಳೆದ ಮೇಲೆ ಮೊಮ್ಮಕ್ಕಳಿಗೆ ಅದನ್ನ ಯಾರು ಕಟ್ಟಿದ್ದು ಅನ್ನೋದೇ ಮರೆತುಹೋಯ್ತು.

ಮೋರ್ಯರ ಕುಟುಂಬದ ನಿಜವಾದ ಕೊನೆಯ ಅಧ್ಯಾಯ ಇದೇ ಅಂತ ನನಗನ್ನಿಸುತ್ತೆ. ಅವರು ಸಾಯಲಿಲ್ಲ. ನಮ್ಮ ಜೊತೆ ಎಷ್ಟು ಚೆನ್ನಾಗಿ ಹೊಂದಿಕೊಂಡರು ಅಂದ್ರೆ, ಈಗ ಅವರನ್ನ ಗುರುತು ಹಿಡಿಯೋಕೇ ಆಗಲ್ಲ. ಬಸ್ಸಲ್ಲಿ ನಿಮ್ಮ ಪಕ್ಕ ಕೂತಿರಬಹುದು. ಕನ್ನಡಿಯಲ್ಲೂ ಇರಬಹುದು.

ಕತೆ ಎಂಬ ಕಾವಲುಗಾರ

ಕೊನೆಗೆ ಒಂದು ಗಂಭೀರ ಮಾತು, ಎರಡು ನಿಮಿಷ.

ಟೇಲರ್ 1860ರಲ್ಲಿ ಭಾರತ ಬಿಟ್ಟು ಹೋದ. ಅವನ ಸುರಪುರದ ಕಲ್ಲುಗಳ ದೊಡ್ಡ ಲೇಖನ ಅಚ್ಚಾಗಿದ್ದು ಡಬ್ಲಿನ್‌ನ ರಾಯಲ್ ಐರಿಷ್ ಅಕಾಡೆಮಿಯಲ್ಲಿ. ಆ ಐರ್ಲೆಂಡಿನ ಹೊಲಗಳಲ್ಲಿ ಹಳೇ ಕಾಲದ ದುಂಡನೆಯ ಮಣ್ಣುಕೋಟೆಗಳಿವೆ. ಅಲ್ಲಿಯ ರೈತರು ಅವನ್ನ ಮಾಯಾಜೀವಿಗಳ ಕೋಟೆ ಅಂತ ನಂಬ್ತಿದ್ದರು. ಮುಟ್ಟಿದರೆ ಕೇಡು ಅಂತ ನೇಗಿಲು ಹಾಯಿಸ್ತಿರಲಿಲ್ಲ. ಸಾವಿರಾರು ಕೋಟೆಗಳು ಉಳಿದದ್ದಕ್ಕೆ ಆ ಭಯವೂ ಒಂದು ಕಾರಣ.

ನಮ್ಮ ಮೋರ್ಯರೂ ಅದೇ ಕೆಲಸ ಮಾಡಿರಬೇಕು. 'ಅದು ಮೋರ್ಯಾರ ಮನಿ, ಕೈ ಹಚ್ಚಬ್ಯಾಡ' ಅನ್ನೋ ಒಂದು ಮಾತು ಬೇಲಿಗಿಂತ ಗಟ್ಟಿ. ಈಗ ಆ ಮಾತು ಹೇಳೋ ಮುತ್ಯಾಂದಿರು ಕಮ್ಮಿ ಆಗ್ತಿದ್ದಾರೆ. ಜೆಸಿಬಿಗೆ ಮೋರ್ಯರ ಭಯ ಇಲ್ಲ. ಹೊಲ ಸಮ ಮಾಡೋರಿಗೆ, ಕಲ್ಲು ಒಡೆಯೋರಿಗೆ ಅದು ಬರೀ ಕಲ್ಲು. ಇನ್ನು ನಿಧಿಗಳ್ಳರು, ಅಮಾವಾಸ್ಯೆ ರಾತ್ರಿ ಹಾರೆ ಹಿಡಿದು ಹೋಗೋರು. ಅವರಿಗೆ ಅಲ್ಲಿ ಸಿಗೋದು ಮಡಕೆ ಚೂರು, ಮೂಳೆ. ನಮಗೆ ಅದು ಚಿನ್ನಕ್ಕಿಂತ ಹೆಚ್ಚು, ಅವರಿಗೆ ಎಸೆದು ಹೋಗೋ ಕಸ. ಒಂದು ಸಮಾಧಿ ಒಮ್ಮೆ ಕೆದಕಿದರೆ ಆ ಪುಟ ಮತ್ತೆ ಯಾರೂ ಓದೋಕಾಗಲ್ಲ.

ಕಾನೂನು ಇದೆ. ವಿಭೂತಿಹಳ್ಳಿಯ ಕಲ್ಲುಸಾಲು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಂಥ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಕಟ್ಟೋ ಹಾಗಿಲ್ಲ, ಹಾಳು ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಹಿರೇಬೆಣಕಲ್ 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು. ಆದರೆ ಪಟ್ಟಿಯಲ್ಲಿ ಇಲ್ಲದ ಕಲ್ಲುಗಳು ಹೊಲದ ಬದುವಿನಲ್ಲಿ ಬಹಳ ಇವೆ. ಅವಕ್ಕೆ ಬೋರ್ಡೂ ಇಲ್ಲ, ಈಗ ಕತೆಯೂ ಇಲ್ಲದ ಹಾಗೆ ಆಗ್ತಿದೆ.

ಅದಕ್ಕೆ ನಿಮ್ಮ ಕೈಲಿರೋ ಫೋನೇ ಸಾಕು. ನಿಮ್ಮೂರಲ್ಲಿ ಇಂಥ ಕಲ್ಲಿದ್ದರೆ ಫೋಟೋ ತೆಗೀರಿ, ಲೊಕೇಶನ್ ಗುರುತು ಮಾಡಿಟ್ಟುಕೊಳ್ಳಿ. ಕಲ್ಲು ಸರಿಸಬೇಡಿ, ಹೆಸರು ಕೆತ್ತಬೇಡಿ, ಒಳಗೆ ಕೆದಕಬೇಡಿ. ಯಾರಾದರೂ ಒಡೀತಿದ್ದರೆ ತಹಶೀಲ್ದಾರ್ ಕಚೇರಿಗೆ ತಿಳಿಸಿ. ಇನ್ನೊಂದು ಕೆಲಸ, ಇದು ಇನ್ನೂ ತುರ್ತು: ಮನೆಯಲ್ಲಿ ಮುತ್ಯಾ, ಆಯಿ ಇದ್ದರೆ ಪಕ್ಕ ಕೂತು ಮೋರ್ಯರ ಕತೆ ಕೇಳಿ. ವಾಯ್ಸ್ ರೆಕಾರ್ಡರ್ ಆನ್ ಮಾಡಿ ಇಟ್ಟುಬಿಡಿ. ಮಧ್ಯೆ ಎಮ್ಮೆ ಕೂಗಿದರೂ, ಕುಕ್ಕರ್ ಸೀಟಿ ಹೊಡೆದರೂ ನಿಲ್ಲಿಸಬೇಡಿ.

ಆಮೇಲೆ ಯಾರಾದರೂ ಅದನ್ನ ಪುಸ್ತಕ ಮಾಡಿ. ಮಕ್ಕಳ ಸಾಹಿತ್ಯ ಸಗರನಾಡಿಗೆ ಹೊಸದಲ್ಲ. ಶಹಾಪುರದ ಚಂದ್ರಕಾಂತ ಕರದಳ್ಳಿ ಅವರ 'ಕಾಡು ಕನಸಿನ ಬೀದಿಗೆ' ಕೃತಿಗೆ 2019ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂದಿತ್ತು. ಯಾದಗಿರಿಯ ಸಣ್ಣ ಊರಿನಲ್ಲಿ ಕೂತು ಬರೆದರೂ ದೇಶ ಓದುತ್ತೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ಮೊದಲ ಅಧ್ಯಾಯ ನಾನು ಹೇಳಿಬಿಟ್ಟಿದ್ದೀನಿ. ಅಜ್ಜನ ಹಾಫ್ ಟಿಕೆಟ್ಟಿನಿಂದ ಶುರು ಮಾಡಿ. ಕೊನೆಯ ಅಧ್ಯಾಯದಲ್ಲಿ ಮಾತ್ರ ಬೆಂಕಿ ಮಳೆ ಬೇಡ. ಆ ಮೋರ್ಯ ಹುಡುಗ ಶಾಲೆಯಿಂದ ಬಂದು, ಚೀಲ ಒಗೆದು, 'ಆಯಿ, ಹಸಿವಾಗ್ಯದ' ಅಂತ ಒಲೆ ಮುಂದೆ ಕೂತ, ರೊಟ್ಟಿ ಜೊತೆ ಹೆಸರುಕಾಳು ಪಲ್ಯ ಉಂಡ ಅಂತ ಮುಗಿಸಿ.

ಇವತ್ತಿಗೆ ಇಷ್ಟೇ. ನಿಮ್ಮೂರಲ್ಲಿ ಈ ಕಲ್ಲುಗಳಿಗೆ ಯಾವ ಹೆಸರಿದೆ? ಮೋರ್ಯರಾ, ಪಾಂಡವರಾ, ಇನ್ಯಾರಾದರೂ ಇದ್ದಾರಾ? ತಿಳಿಸಿ.